ಜಮಾದಾರನ ನೋವು ಬಂದ ಮನೆ

ಈ ಊರಿಗೆ ವರ್ಗವಾಗಿ ಬಂದ ಮೊದಲ ದಿನ ನನ್ನ ದವಾಖಾನೆಯ ಮೆಟ್ಟಿಲು ಹತ್ತಿದವನು ಬಲಗಿವಿಯನ್ನು ಅಂಗೈಯಿಂದ ಒತ್ತಿಕೊಂಡು ಕುಂಟುತ್ತಿದ್ದ ಒಬ್ಬ ಹೂವಿನ ವ್ಯಾಪಾರಿ. ನಾನು ಪ್ರಾಣಿಗಳ ಡಾಕ್ಟರು, ಮನುಷ್ಯರ ಆಸ್ಪತ್ರೆ ಹಿಂದಿನ ಬೀದಿಯಲ್ಲಿದೆ ಎಂದೆ. "ಗೊತ್ತೈತ್ರಿ ಬಾಯಾರ. ಕಿವಿ ನೋವು ನಮ್ಮ ನಾಯಿದು. ಕಾಲು ನೋವು ಮಾತ್ರ ನಂದು" ಎಂದ. ಅವನ ನಾಯಿ ಹೊರಗೆ ಕಟ್ಟೆಯ ಮೇಲೆ ಕುಳಿತು ತಲೆ ಒದರುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ಬಲಗಿವಿಯ ಆಳದಲ್ಲಿ ಕಡಲೆಕಾಳಿನಷ್ಟು ದಪ್ಪನೆಯ ಉಣ್ಣಿಹುಳ. ನಾನು ಅದನ್ನು ಚಿಮಟದಿಂದ ಎಳೆದು ತೆಗೆದ ಕ್ಷಣವೇ ಆತ ಕಿವಿಯಿಂದ ಕೈ ಇಳಿಸಿ "ಹಾಂ, ಹೋತು" ಎಂದ. ಹನ್ನೊಂದು ವರ್ಷವಾಯಿತು, ಇದು ಯಾಕೆ ಹೀಗೆ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಇಲ್ಲಿ ಪ್ರಾಣಿಯ ಮೈಯಲ್ಲಿ ಎಲ್ಲಿ ನೋವಾಗುತ್ತದೋ ಅಲ್ಲೇ ಅದರ ಮನುಷ್ಯರಿಗೂ ನೋವಾಗುತ್ತದೆ. ಅದರ ಮನುಷ್ಯರು ಎಂದರೆ ಅದು ಯಾರನ್ನು ತನ್ನವರೆಂದು ಹಿಡಿದುಕೊಂಡಿದೆಯೋ ಅವರು. ಅನ್ನ ಹಾಕುವವರು ಯಾರು, ಕೊರಳಿಗೆ ಪಟ್ಟಿ ಕಟ್ಟಿದವರು ಯಾರು ಎಂಬುದಕ್ಕೆ ಬೆಲೆಯಿಲ್ಲ. ಹೆಡ್‌ಮಾಸ್ತರರು ಮುದ್ದಿನಿಂದ ಸಾಕಿದ ನಾಯಿಗೆ ಹಲ್ಲುನೋವು ಬಂದಾಗ ದವಡೆ ಹಿಡಿದುಕೊಂಡು ಒದ್ದಾಡಿದವನು ಶಾಲೆಯ ಜವಾನ. ಅಂಥ ಸಂದರ್ಭದಲ್ಲಿ ಊರಿನ ರೂಢಿಯೊಂದಿದೆ. ವಾರದೊಳಗೆ ಆ ಪ್ರಾಣಿಯನ್ನು, ಅದು ಉಣ್ಣುವ ಬಟ್ಟಲನ್ನು, ಒಂದು ಉಂಡೆ ಬೆಲ್ಲವನ್ನು ನೋವು ಬಂದವರ ಮನೆಗೆ ಒಯ್ದು ಕೊಟ್ಟು ಬರಬೇಕು. ಕಣ್ಣೀರು ಹಾಕಿದವರು ಇದ್ದಾರೆ, ತಕರಾರು ಮಾಡಿದವರನ್ನು ನಾನು ಕಂಡಿಲ್ಲ. ಹೆಡ್‌ಮಾಸ್ತರರು ಬೆಲ್ಲ ಕೊಟ್ಟು ಬಂದ ಮೇಲೆ ನಾಲ್ಕು ದಿನ ರಜೆ ಹಾಕಿದ್ದರು.

ಹೀಗಾಗಿ ನನ್ನ ಕೆಲಸ ಸುಲಭವಾಗಿತ್ತು. ಬೇರೆ ಊರುಗಳಲ್ಲಿ ಬಾಯಿಲ್ಲದ ಪ್ರಾಣಿಯ ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಬಿಡಿಸಿ, ಸಗಣಿ ಮೂಸಿ ರೋಗ ಹುಡುಕಬೇಕು. ಇಲ್ಲಿ ಎದುರಿಗೆ ಕುಳಿತವರೇ ಎಲ್ಲಿ, ಹೇಗೆ, ಯಾವಾಗಿನಿಂದ ಎಂದು ಹೇಳಿಬಿಡುತ್ತಾರೆ. ನಾನು ಎಲ್ಲರಿಗೂ ತಪ್ಪದೆ ಹೇಳುತ್ತಿದ್ದ ಮಾತು ಒಂದೇ: ನಿಮಗೆ ನೋವು ಬಂತೆಂದು ನೀವು ಮಾತ್ರೆ ನುಂಗಬೇಡಿ. ನುಂಗಿದರೆ ನಿಮ್ಮ ನೋವು ಹೋಗುತ್ತದೆ, ಅದರದ್ದು ಹಾಗೆಯೇ ಉಳಿಯುತ್ತದೆ, ಹೇಳುವವರು ಯಾರೂ ಇರುವುದಿಲ್ಲ. ಇದನ್ನು ಬೋರ್ಡು ಬರೆಸಿ ಬಾಗಿಲಿಗೆ ಹಾಕಿದ್ದೇನೆ. ಅದರ ಕೆಳಗೆ ಬೇರೆ ಸೂಚನೆಗಳೂ ಇವೆ. ಮನುಷ್ಯರ ಜ್ವರದ ಮಾತ್ರೆಯನ್ನು ಬೆಕ್ಕಿಗೆ ಕೊಟ್ಟರೆ ಅದು ಸಾಯುತ್ತದೆ. ಈರುಳ್ಳಿ ಹಾಕಿದ ಸಾರು ನಾಯಿಗೆ ಬೇಡ. ದೊಡ್ಡ ಬೆಕ್ಕಿಗೆ ಹಾಲಿಗಿಂತ ನೀರು ಮೇಲು, ನೀರಿನ ಬಟ್ಟಲು ಊಟದ ಪಕ್ಕದಲ್ಲಿ ಬೇಡ, ಮನೆಯ ಎರಡು ಮೂರು ಮೂಲೆಯಲ್ಲಿ ಇರಲಿ. ದಿನಕ್ಕೆ ಹತ್ತು ನಿಮಿಷವಾದರೂ ಅದರ ಜೊತೆ ಆಡಿ. ಒಂಟಿಯಾಗಿ ಬಿಟ್ಟ ಪ್ರಾಣಿ ರೋಗವಿಲ್ಲದೆಯೂ ಸೊರಗುತ್ತದೆ.

ನಾನು ಮಾತ್ರ ಏನನ್ನೂ ಸಾಕಲಿಲ್ಲ. ಜನ ಕೇಳಿದರೆ ದವಾಖಾನೆಯೇ ತುಂಬಿದೆ, ಮನೆಯಲ್ಲೂ ಯಾಕೆ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು. ಒಂದು ನಾಯಿಯನ್ನು ತಂದು ಸಾಕಿ, ಅದಕ್ಕೆ ಕಾಯಿಲೆ ಬಂದಾಗ ನನಗೆ ಏನೂ ಆಗದೆ ಪಕ್ಕದ ಮನೆಯವರು ನರಳಿದರೆ? ಐವತ್ತು ದಾಟಿದ, ಮದುವೆಯಾಗದ, ಊರಿಗೆ ಹೊರಗಿನವಳಾದ ಹೆಂಗಸಿಗೆ ಅಂಥ ಸರ್ಟಿಫಿಕೇಟು ಬೇಕಾಗಿರಲಿಲ್ಲ. ಸಂಜೆ ಬಾಗಿಲು ಹಾಕಿ ದವಾಖಾನೆಯ ಹಿಂದಿನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಚಹಾ ಕುಡಿಯುತ್ತಿದ್ದೆ. ಅಭ್ಯಾಸವಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಜಮಾದಾರ ಎಂಬ ಕೆಂಪು ಗಂಡುಬೆಕ್ಕಿನ ಯಜಮಾನರು ಚನ್ನವೀರಪ್ಪ. ಮೂವತ್ತೆರಡು ವರ್ಷ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತರಾದವರು. ಅವರ ದನಿ ಗೊತ್ತಿಲ್ಲದವರು ಊರಲ್ಲಿಲ್ಲ, ಅವರ ಮನೆಯ ಬಾಗಿಲು ತಟ್ಟಿದವರೂ ಇಲ್ಲ. ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಕಾಂಪೌಂಡಿನ ಚರಂಡಿ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಮರಿಯನ್ನು ನಾನು ಎಳೆದು ತೆಗೆದು, ತೊಳೆದು, ಯಾರಿಗಾದರೂ ಬೇಕೇ ಎಂದು ಕೇಳಿದಾಗ ಮುಂದೆ ಬಂದವರು ಅವರೇ. ಬೆಳೆದ ಮೇಲೆ ಅದು ದಿನಾ ಸಂಜೆ ಬೀದಿ ಸುತ್ತಿ ತಪಾಸಣೆ ಮಾಡುತ್ತದೆಂದು ಆ ಹೆಸರಿಟ್ಟರು. ಅದರ ತಪಾಸಣೆಯ ಕೊನೆಯ ಠಾಣೆ ನನ್ನ ಕಾಂಪೌಂಡು ಗೋಡೆ. ನಾನು ಮೆಟ್ಟಿಲ ಮೇಲೆ, ಅದು ಗೋಡೆಯ ಮೇಲೆ. ನಾನು ಅದಕ್ಕೆ ಒಂದು ತುತ್ತು ಹಾಕಿದವಳಲ್ಲ, ಮೈ ಸವರಿದವಳಲ್ಲ. ಬೇಸಿಗೆಯಲ್ಲಿ ಗೋಡೆಯ ಮೇಲೆ ಒಂದು ಬಟ್ಟಲು ನೀರಿಟ್ಟಿದ್ದೆ, ಅಷ್ಟೇ. ಕತ್ತಲಾಗುವ ಮೊದಲು ಅದು ಎದ್ದು ಚನ್ನವೀರಪ್ಪನವರ ಮನೆಗೆ ಹೋಗುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ನನಗೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ, ಹೋದರೆ ಉರಿ. ಕಿಡ್ನಿಯಲ್ಲಿ ಕಲ್ಲೇ ಇರಬೇಕು, ನಮ್ಮ ಮನೆತನದಲ್ಲಿ ಎಲ್ಲರಿಗೂ ಬಂದದ್ದು, ನನ್ನ ಪಾಳಿ ಬಂತು ಎಂದುಕೊಂಡು ಒಂದು ಮಾತ್ರೆ ನುಂಗಿ ಖುರ್ಚಿಯಲ್ಲಿ ಕುಳಿತೆ. ನನ್ನದೇ ಬೋರ್ಡು ಎದುರಿಗೆ ನೇತಾಡುತ್ತಿತ್ತು. ಅದು ಪ್ರಾಣಿ ಇದ್ದವರಿಗೆ ಬರೆಸಿದ್ದು.

ಹನ್ನೊಂದು ಗಂಟೆಗೆ ಚನ್ನವೀರಪ್ಪ ಜಮಾದಾರನನ್ನು ಬೆತ್ತದ ಬುಟ್ಟಿಯಲ್ಲಿ ಹೊತ್ತು ತಂದರು. "ಯಾಕೋ ಬೆಳಗಿಂದ ಮಂಕಾಗ್ಯಾನ್ರಿ. ನನಗ ಎದಿಯಾಗ ಉರಿ, ಹೊಟ್ಟಿ ಉಬ್ಬರಿಸಿದಂಗ ಆಗಾಕತ್ತೇತಿ" ಎಂದು ಎದೆ ನೀವಿಕೊಂಡರು. ನಾನು ಯಾವಾಗಿನಿಂದ ಎಂದು ಕೇಳಿದೆ, ತಿಂದದ್ದೇನು ಎಂದು ಕೇಳಿದೆ. ಪ್ಯಾಕೆಟ್ಟಿನ ಒಣ ತಿಂಡಿ, ದಿನಾ ಅದೇ. ಅಜೀರ್ಣ ಎಂದು ಬರೆದು ಔಷಧಿ ಕೊಟ್ಟು ಕಳಿಸಿದೆ. ಬುಟ್ಟಿಯೊಳಗೆ ಕೈ ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಕೈ ಮುಟ್ಟಿ ನೋಡುವುದನ್ನೇ ಮರೆತಿತ್ತು. ಬೇರೆ ಯಾವ ಊರಿನ ಡಾಕ್ಟರೂ ಮಾಡದ ತಪ್ಪು ಇದು, ಇದಕ್ಕೆ ನಾನು ಯಾರನ್ನೂ ದೂರುವ ಹಾಗಿಲ್ಲ.

ಮಂಗಳವಾರ ಒಂದು ಮಾತ್ರೆ ಸಾಲದೆ ಎರಡು ನುಂಗಿದೆ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅದಕ್ಕೂ ನಿಲ್ಲಲಿಲ್ಲ. ಕಿಬ್ಬೊಟ್ಟೆಯೊಳಗೆ ಯಾರೋ ಹಗ್ಗ ಬಿಗಿಯುತ್ತಿರುವಂತೆ ನೋವು. ಔಷಧಿಯ ಕಪಾಟಿಗೆ ಒರಗಿ ನಿಂತಿದ್ದೆ. ನನ್ನ ಕಂಪೌಂಡರು ದಾವಲಬಿ ಸಿರಿಂಜು ಕುದಿಸುತ್ತಿದ್ದವಳು ಹತ್ತಿರ ಬಂದು ನನ್ನ ಮುಖ ನೋಡಿದಳು. ಮುದಿ ನಾಯಿಯೊಂದರ ಮೊಣಕಾಲು ನೋವನ್ನು ಆರು ವರ್ಷದಿಂದ ಹೊತ್ತುಕೊಂಡು ಓಡಾಡುವವಳು ಅವಳು.

"ಬಾಯಾರ, ಇದು ನಿಮ್ಮದ ನೋವೇನ್ರಿ?" ಎಂದು ಕೇಳಿದಳು.

"ಮತ್ತೆ ಯಾರದ್ದು? ನಾನೇನು ಸಾಕಿದ್ದೀನಿ?"

"ನೀವು ಸಾಕಬೇಕಂತೇನಿಲ್ಲ. ನೀವು ಒಪ್ಪಬೇಕಂತನೂ ಇಲ್ಲ. ಅದು ಒಪ್ಪಿದ್ರ ಮುಗೀತು" ಎಂದಳು. ಹಿಂದಿನ ಕಾಂಪೌಂಡಿನ ಕಡೆ ಕೈ ತೋರಿಸಿ, "ಜಮಾದಾರ ಗ್ವಾಡಿ ಮ್ಯಾಲ ಕುಂತಿದ್ದು ನೋಡಿ ಎಷ್ಟು ದಿನ ಆತು?" ಎಂದಳು.

ಮೂರು ದಿನ. ಗಂಡುಬೆಕ್ಕು, ಒಣ ತಿಂಡಿ, ಮೂತ್ರದ ಉರಿ, ಮೂರು ದಿನ. ವಿದ್ಯಾರ್ಥಿಯಾಗಿದ್ದಾಗ ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಅದು ತನಗಾದದ್ದನ್ನು ನನಗೆ ಹೇಳುತ್ತಲೇ ಇತ್ತು, ನಾನು ಮಾತ್ರೆ ನುಂಗಿ ನುಂಗಿ ಅದರ ಬಾಯಿ ಮುಚ್ಚಿದ್ದೆ. ಚೀಲ ತಗೊಂಡು ಸೊಂಟ ಬಗ್ಗಿಸಿಕೊಂಡೇ ಪೇಟೆ ಬೀದಿಯಲ್ಲಿ ನಡೆದೆ. ಎದುರಿಗೆ ಬಂದವರು ದಾರಿ ಬಿಟ್ಟರು. ಒಬ್ಬಾಕೆ "ಯಾರದ್ರೀ ಬಾಯಾರ, ಆಕಳದೋ?" ಎಂದು ವಿಚಾರಿಸಿದಳು.

ಚನ್ನವೀರಪ್ಪನವರ ಮನೆ ಒಂದೇ ಕೋಣೆ. ಜಮಾದಾರ ಬಚ್ಚಲಿನ ಮೂಲೆಯಲ್ಲಿ ಬಾಲ ಎತ್ತಿ, ಮೈ ಕುಗ್ಗಿಸಿ ತಿಣುಕುತ್ತಿತ್ತು, ಒಂದು ಹನಿಯೂ ಬರುತ್ತಿರಲಿಲ್ಲ. ಪಕ್ಕದಲ್ಲಿ ವಾಂತಿ. ನಾನು ಅದರ ಹೊಟ್ಟೆಯ ಕೆಳಗೆ ಕೈ ಹಾಕಿದೆ. ಮೂತ್ರಚೀಲ ಮೂಸಂಬಿಯಷ್ಟು ದಪ್ಪಗೆ, ಕಲ್ಲಿನಂತೆ ಗಟ್ಟಿಯಾಗಿತ್ತು. ನನ್ನ ಕೈ ಸೋಕಿದೊಡನೆ ಅದೂ ಕೂಗಿತು, ನಾನೂ ಹಲ್ಲು ಕಚ್ಚಿದೆ.

"ನನಗ ಎದಿ ಉರಿ ಇನ್ನೂ ಕಡಿಮಿ ಆಗಿಲ್ರಿ" ಎಂದು ಚನ್ನವೀರಪ್ಪ ಹಿಂದಿನಿಂದ ಹೇಳಿದರು.

"ನೀವು ಸುಮ್ನಿರಿ. ದೀಪ ಹಿಡೀರಿ" ಎಂದೆ.

ಮಂಪರಿನ ಸೂಜಿ ಕೊಟ್ಟು, ತೆಳ್ಳನೆಯ ನಳಿಕೆಯನ್ನು ಒಳಗೆ ತೂರಿಸಲು ಹೊರಟೆ. ಮೊದಲ ಸಲ ಹೋಗಲಿಲ್ಲ. ಎರಡನೆಯ ಸಲವೂ ಇಲ್ಲ. ಸಲೈನು ತುಂಬಿದ ಸಿರಿಂಜಿನಿಂದ ಮೆಲ್ಲಗೆ ಒತ್ತುತ್ತ, ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ ಮತ್ತೆ ನೂಕಿದೆ. ಒಳಗೆ ಮರಳಿನಂಥದ್ದು ಏನೋ ಸರಿದದ್ದು ಬೆರಳಿಗೆ ತಿಳಿಯಿತು. ನಳಿಕೆಯ ತುದಿಯಿಂದ ರಕ್ತ ಬೆರೆತ ಮೂತ್ರ ಬಟ್ಟಲಿಗೆ ಇಳಿಯತೊಡಗಿತು. ಅದು ಇಳಿದಂತೆ ನನ್ನೊಳಗಿನ ಬಿಗಿಯೂ ಇಳಿಯಿತು. ಮೂರು ದಿನದಿಂದ ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು ಬಚ್ಚಲ ಕಟ್ಟೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ಕಣ್ಣು ತೆರೆದಾಗ ಚನ್ನವೀರಪ್ಪ ದೀಪ ಹಿಡಿದುಕೊಂಡು ಬೆಕ್ಕನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು.

"ನಿಮಗ ಹಗುರಾತಲ್ರಿ" ಎಂದರು.

ಕಿಡ್ನಿ ಕಲ್ಲು, ಬೆಳಿಗ್ಗೆ ತಗೊಂಡ ಮಾತ್ರೆ ಈಗ ಹಿಡಿಯಿತು ಎಂದೆ. ಅವರು ದೀಪ ಕೆಳಗಿಟ್ಟರು. ಆಮೇಲೆ ಬಸ್ಸು ಕೂಗುತ್ತಿದ್ದ ಆ ತುಂಬು ದನಿಯನ್ನು ಪೂರ್ತಿ ತಗ್ಗಿಸಿ ಹೇಳಿದರು. "ನನಗ ಎದಿ ಉರಿ ಇಲ್ರಿ ಬಾಯಾರ. ನಾಕು ವರ್ಷ ಆತು, ನನಗ ಏನೂ ಆಗಿಲ್ಲ. ಅದು ಸಣ್ಣದಿದ್ದಾಗ ಕಾಲಿಗೆ ಗಾಜು ಚುಚ್ಚಿತ್ತಲ್ರಿ, ಆವಾಗೂ ಆಗಿಲ್ಲ. ಕಣ್ಣಿಲೆ ನೋಡಿ ಕುಂಟಿದ್ನಿ."

ಊರಿನ ಕೆರೆಯ ದಂಡೆಯ ಮೇಲೆ ಸಿಮೆಂಟಿನ ಬೆಂಚುಗಳಿವೆ. ವಯಸ್ಸಾದ ಗಂಡಸರು ಸಂಜೆ ಅಲ್ಲಿ ಸೇರುತ್ತಾರೆ, ಅವರಿಗೆ ಬೇರೆ ಮಾತಿಲ್ಲ. ಒಬ್ಬ ತನ್ನ ಎಮ್ಮೆಯ ಕೆಚ್ಚಲು ಬಾವಿನಿಂದ ಎದೆ ಸೆಳೆತ ಎನ್ನುತ್ತಾನೆ, ಇನ್ನೊಬ್ಬ ಮೊಲದ ಹಲ್ಲು ಬೆಳೆದು ತನ್ನ ಬಾಯಿ ಹುಣ್ಣಾಗಿದೆ ಎಂದು ತುಟಿ ಬಿಡಿಸಿ ತೋರಿಸುತ್ತಾನೆ. ದೂರಿದಂತೆ ಮಾಡಿದರೂ ಅವರ ಮುಖದಲ್ಲಿ ಒಂದು ಗತ್ತಿರುತ್ತದೆ. ಏನೂ ನೋಯದವನು ಆ ಬೆಂಚಿನಲ್ಲಿ ಏನು ಮಾತಾಡಬೇಕು? ಚನ್ನವೀರಪ್ಪ ಅವರಿವರು ಹೇಳಿದ್ದನ್ನು ಕೇಳಿ ಕಲಿತು, ತಮ್ಮದೆಂದು ಹೇಳಿ, ಆ ಬೆಂಚಿನಲ್ಲಿ ಒಂದು ಜಾಗ ಮಾಡಿಕೊಂಡಿದ್ದರು. ಆ ಸುಳ್ಳಿಗೆ ಬೆಕ್ಕು ಸಾಯುವುದರಲ್ಲಿತ್ತು. ನನ್ನ ಮಾತ್ರೆಗೂ ಸಾಯುವುದರಲ್ಲಿತ್ತು. ಇಬ್ಬರಲ್ಲಿ ಯಾರು ಯಾರನ್ನು ಬೈಯಬೇಕು ಎಂದು ನನಗೆ ತಿಳಿಯಲಿಲ್ಲ.

ಬೆಕ್ಕನ್ನು ನಾಲ್ಕು ದಿನ ದವಾಖಾನೆಯಲ್ಲಿಟ್ಟು ಸಲೈನು ಬಾಟಲಿ ಏರಿಸಿದೆ. ಐದನೆಯ ದಿನ ಜಮಾದಾರ ತಾನಾಗಿಯೇ ಮೂತ್ರ ಮಾಡಿ, ಅದನ್ನು ಮುಚ್ಚಲು ಮಣ್ಣು ಕೆರೆಯಿತು. ಚನ್ನವೀರಪ್ಪ ಬಂದಾಗ ಮೈತುಂಬ ಇಸ್ತ್ರಿ ಬಟ್ಟೆ. ಒಂದು ಕೈಯಲ್ಲಿ ಜಮಾದಾರನ ಸ್ಟೀಲಿನ ಬಟ್ಟಲು, ಇನ್ನೊಂದರಲ್ಲಿ ಹಾಳೆಯಲ್ಲಿ ಸುತ್ತಿದ ಬೆಲ್ಲ. ಬೇಡ ಎಂದೆ. ಯಾರಿಗೂ ಗೊತ್ತಿಲ್ಲ, ನಾನು ಹೇಳುವುದಿಲ್ಲ ಎಂದೆ.

"ನನಗ ಗೊತ್ತೈತಲ್ರಿ" ಎಂದರು. "ನನ್ನ ಹಂತ್ಯಾಕ ಇದ್ರ ಮುಂದಿನ ಸಲ ಉಳಿಯೂದಿಲ್ಲ. ನಿಮ್ಮ ಹಂತ್ಯಾಕ ಇರ್ಲಿ." ಬೆಲ್ಲವನ್ನು ಮೇಜಿನ ಮೇಲಿಟ್ಟು, ಬೆಕ್ಕಿನ ಕಡೆ ತಿರುಗದೆ ಹೊರಟುಹೋದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಯಿತು ಅವರಿಗೆ.

ನಾನು ಜಮಾದಾರನನ್ನು ಮನೆಯೊಳಗೆ ಕರೆದುಕೊಂಡೆ. ಮೂರು ಮೂಲೆಯಲ್ಲಿ ನೀರಿಟ್ಟೆ. ಒಣ ತಿಂಡಿ ನಿಲ್ಲಿಸಿ ಮೆತ್ತಗಿನ ಊಟ ಕೊಟ್ಟೆ. ದಾರಕ್ಕೆ ಕಾಗದದ ಉಂಡೆ ಕಟ್ಟಿ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಆಡಿಸಿದೆ. ಒಂದು ಜೀವ ನನ್ನನ್ನು ತನ್ನವಳೆಂದು ಆರಿಸಿಕೊಂಡಿತ್ತು, ನನಗೆ ನಾಚಿಕೆಯಾಗುವಷ್ಟು ಸಂತೋಷವಾಗಿತ್ತು. ಆದರೆ ಸಂಜೆ ಐದಾದರೆ ಅದು ಗೋಡೆ ಹತ್ತಿ, ನನಗೆ ಬೆನ್ನು ಮಾಡಿ, ಚನ್ನವೀರಪ್ಪನವರ ಬೀದಿಯ ಕಡೆಗೆ ಮುಖ ಮಾಡಿ ಕೂರುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿತ್ತು. ಅದೇ ದಿನಗಳಲ್ಲಿ ನನಗೂ ಎದೆಯ ಮೇಲ್ಭಾಗದಲ್ಲಿ, ಗಂಟಲಿಗೆ ಸ್ವಲ್ಪ ಕೆಳಗೆ, ಏನೋ ಒತ್ತಿದಂತಾಗತೊಡಗಿತು. ನುಂಗಿದರೆ ಹೋಗದು, ಕೆಮ್ಮಿದರೆ ಬರದು. ಈ ಸಲ ಮಾತ್ರೆ ಮುಟ್ಟಲಿಲ್ಲ. ಬೆಕ್ಕಿನ ಗಂಟಲು, ಹಲ್ಲು, ಶ್ವಾಸಕೋಶ, ಎಲ್ಲ ಮುಟ್ಟಿ ನೋಡಿದೆ, ರೋಗವಿರಲಿಲ್ಲ. ಇದು ಕೊರಗು ಎಂದು ತೀರ್ಮಾನಿಸಿದೆ. ಬೆಕ್ಕು ನೋವನ್ನು ನನಗೆ ಕೊಟ್ಟಿತ್ತು, ಜೊತೆಯನ್ನು ಅವರಲ್ಲಿ ಬಿಟ್ಟುಬಂದಿತ್ತು.

ಎಂಟನೆಯ ದಿನ ಬುಟ್ಟಿಯಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಹೀಗೆ ಹಿಂದಕ್ಕೆ ಕೊಟ್ಟದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಚನ್ನವೀರಪ್ಪ ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು. ನಾನು ಏನನ್ನೂ ಹೇಳುವ ಮೊದಲೇ ಜಮಾದಾರ ಬುಟ್ಟಿಯಿಂದ ಜಿಗಿದು ಮಂಚ ಹತ್ತಿ ಅವರ ದಿಂಬಿನ ಮೇಲೆ ಎರಡು ಸುತ್ತು ಹಾಕಿ ಮಲಗಿತು.

"ಇಲ್ಲೇ ಇರ್ಲಿ. ನನಗೆ ನೋವು ಬಂದ್ರೆ ನಾನು ಓಡಿ ಬರ್ತೀನಿ, ಅಷ್ಟೇ. ನೀವು ಮಾತ್ರ ಇನ್ನೊಂದು ಸಲ ಸುಳ್ಳು ಹೇಳಬೇಡಿ. ಊಟ ನೆನೆಸಿ ಹಾಕಿ, ನೀರು ದೂರದಲ್ಲಿಡಿ" ಎಂದೆ. ಅವರು ತಲೆ ಆಡಿಸಿದರು. ದಿಂಬಿನ ಪಕ್ಕ ಕುಳಿತು ಬೆಕ್ಕಿನ ಕಿವಿಯ ಹಿಂದೆ ಒಂದು ಬೆರಳಿಟ್ಟರು.

ಅದರ ಕೊರಗು ಹೋಯಿತು. ಹೊಟ್ಟೆ ತುಂಬ ಉಣ್ಣುತ್ತಿದೆ, ಹಲ್ಲಿಯ ಹಿಂದೆ ಓಡುತ್ತಿದೆ ಎಂದು ಆ ಬೀದಿಯಲ್ಲೇ ಇರುವ ದಾವಲಬಿ ದಿನಾ ವರದಿ ಕೊಡುತ್ತಿದ್ದಳು. ಸಂಜೆ ತಪಾಸಣೆಗೂ ಬರತೊಡಗಿತು, ಈಗ ನನ್ನ ಕಡೆಗೇ ಮುಖ ಮಾಡಿ ಕೂತು, ಹೊತ್ತಾದ ಮೇಲೆ ಎದ್ದು ಹೋಗುತ್ತಿತ್ತು. ಎರಡು ದಿನದಲ್ಲಿ ನನ್ನ ಎದೆಯ ಒತ್ತು ಇಳಿಯಬೇಕಿತ್ತು. ಇಳಿಯಲಿಲ್ಲ. ಒಂದು ವಾರ ನೋಡಿದೆ. ಹತ್ತು ದಿನ ನೋಡಿದೆ. ಏನನ್ನೋ ಬಿಟ್ಟಿದ್ದೇನೆ, ಮತ್ತೆ ಮೂರು ದಿನದ ತಪ್ಪೇ ಆಗುತ್ತಿದೆ ಎಂದು ಹೆದರಿ ಹನ್ನೊಂದನೆಯ ದಿನ ಮಧ್ಯಾಹ್ನ ಚೀಲ ಹಿಡಿದು ಅವರ ಮನೆಗೆ ಹೋದೆ.

ತೂಕ ನೋಡಿದೆ, ಹೆಚ್ಚಾಗಿತ್ತು. ಹೊಟ್ಟೆ ಮೆತ್ತಗಿತ್ತು. ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದೆ. ಅದರ ಗುರುಗುರು ಸದ್ದಿನಲ್ಲಿ ಹೃದಯವೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟು ಸುಖವಾಗಿರುವ ಬೆಕ್ಕನ್ನು ನಾನು ನನ್ನ ಜೀವಮಾನದಲ್ಲಿ ಪರೀಕ್ಷಿಸಿರಲಿಲ್ಲ. ಅದರ ಮೈಮೇಲೆ ಕೈ ಇಟ್ಟುಕೊಂಡು ಹಾಗೇ ಕುಳಿತೆ. ಈ ಒತ್ತು ಎಂದಿನಿಂದ ಇದೆ ಎಂದು ನನ್ನನ್ನು ನಾನು ಕೇಳಿಕೊಂಡೆ. ಬೆಕ್ಕು ಬರುವ ಮೊದಲೂ ಇತ್ತು. ಈ ಊರಿಗೆ ಬರುವ ಮೊದಲೂ ಇತ್ತು. ದಿನಾ ಸಂಜೆ ಚಹಾದ ಜೊತೆ ಅದನ್ನು ನುಂಗುತ್ತಿದ್ದೆ, ಅದಕ್ಕೆ ಅಭ್ಯಾಸ ಎಂದು ಹೆಸರಿಟ್ಟಿದ್ದೆ. ಅದು ನೋವು ಎಂದು ಗೊತ್ತಾಗಲು ನನಗೆ ಒಂದು ಬೆಕ್ಕು ಬೇಕಾಯಿತು.

"ಏನಾಗೇತ್ರಿ ಅದಕ್ಕ?" ಚನ್ನವೀರಪ್ಪ ನನ್ನ ಮುಂದೆ ಬಗ್ಗಿ ಕೇಳಿದರು. "ನಿಮಗ ಎಲ್ಲಿ ನೋಯಾಕತ್ತೇತಿ? ಖರೇ ಹೇಳ್ರಿ."

ಏನಿಲ್ಲ, ಸುಮ್ಮನೆ ನೋಡಲು ಬಂದೆ ಎಂದು ಹೇಳಿ ಎದ್ದು ಬರಬಹುದಿತ್ತು. ನಾನು ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲಿ. ಆದ್ರೆ ಇದು ಜಮಾದಾರಂದು ಅಲ್ಲ. ಅವನು ಆರಾಮಾಗಿದ್ದಾನೆ. ಇದು ನನ್ನದೇ."

ಅವರು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತರು. ತಮ್ಮ ಎದೆಯ ಮೇಲೆ ಅದೇ ಜಾಗದಲ್ಲಿ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕಾದು ನೋಡಿದರು. ಆಮೇಲೆ ಕೈ ಇಳಿಸಿದರು.

"ನನಗೇನೂ ಆಗವಲ್ತ್ರಿ ಬಾಯಾರ" ಎಂದರು. "ಆದ್ರ ನೀವು ಹೇಳಿದ್ದು ಕೇಳಿಸ್ತು."